ಗೋಡೆಯ ಆಚೆಯ ಮಗ್ಗುಲು

ಕಳೆದ ಮಳೆಗಾಲದಲ್ಲಿ ನಮ್ಮ ನಡುಮನೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರತೊಡಗಿತು. ಮೇಸ್ತ್ರಿ ಬಂದು ನೋಡಿ, "ಒಳಗಡೆ ಎಷ್ಟು ಬಳಿದರೂ ಪ್ರಯೋಜನವಿಲ್ಲ ಸ್ವಾಮಿ, ಹೊರಮೈಗೆ ಗಿಲಾವು ಆಗಬೇಕು" ಎಂದ. ಆ ಹೊರಮೈ ಇರುವುದು ಪಕ್ಕದವರ ಹಿತ್ತಲಿನ ಕಡೆಗೆ. ಗೋಡೆ ನಮ್ಮದು, ಅದನ್ನು ಮುಟ್ಟಲು ನಿಲ್ಲಬೇಕಾದ ನೆಲ ಅವರದು. ನಾಲ್ಕು ದಿನ ಸಾರುವೆ ಕಟ್ಟಿಕೊಳ್ಳುತ್ತೇನೆಂದು ಹೋಗಿ ಕೇಳಿದೆ. ಪಕ್ಕದ ಮನೆಯ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಅನ್ನಬಾರದು, ನಿಜ. ಆದರೆ ಇವತ್ತು ಏಣಿ ಇಟ್ಟವರು ನಾಳೆ ಇದು ನಮ್ಮ ದಾರಿ ಅಂದರೆ?" ಎಂದರು.

ನನಗೆ ಕೋಪ ಬಂತು. ಮನೆಗೆ ಬಂದು ಯೋಚಿಸಿದಾಗ ಕೋಪಕ್ಕಿಂತ ಪ್ರಶ್ನೆಯೇ ದೊಡ್ಡದೆನಿಸಿತು: ನನ್ನ ಅಗತ್ಯ ಇನ್ನೊಬ್ಬರ ನೆಲದ ಮೇಲೆ ನನಗೆ ಹಕ್ಕನ್ನು ತಂದುಕೊಡುತ್ತದೆಯೆ?

ನಮ್ಮ 1882ರ ಈಸ್‌ಮೆಂಟ್ ಕಾಯಿದೆ ಅಷ್ಟು ಉದಾರಿಯಲ್ಲ. ನೆರೆಯವನ ನೆಲದಲ್ಲಿ ನೀರಿನ ಕೊಳವೆ ಹಾಯಿಸುವ ಹಕ್ಕು ಮೊದಲೇ ಇದ್ದವನು ಅದರ ದುರಸ್ತಿಗಾಗಿ ಒಳಹೊಕ್ಕು ಅಗೆಯಬಹುದು. ಆದರೆ ಆದಷ್ಟು ಕಡಿಮೆ ತೊಂದರೆ ಕೊಟ್ಟು, ನೆಲವನ್ನು ಮೊದಲಿನಂತೆ ಮಾಡಿಕೊಡಬೇಕು. ಅಂಥ ಹಕ್ಕಿಲ್ಲದ ನನ್ನಂಥವನಿಗೆ ಉಳಿಯುವುದು ಅನುಮತಿಯೊಂದೇ.

ಬೇರೆ ದೇಶಗಳು ಈ ತೊಡಕನ್ನು ಕಾನೂನಿನಿಂದಲೇ ಬಿಡಿಸಿವೆ. ಜರ್ಮನಿಯ ಹಲವು ರಾಜ್ಯಗಳಲ್ಲಿ ಇಂಥ ಪ್ರವೇಶಕ್ಕೆ 'ಸುತ್ತಿಗೆ ಪೆಟ್ಟಿನ ಹಾಗೂ ಏಣಿಯ ಹಕ್ಕು' ಎಂದೇ ಹೆಸರು. ಇಂಗ್ಲೆಂಡಿನ 1992ರ ಕಾಯಿದೆಯಂತೆ, ನೆರೆಯವನು ಒಪ್ಪದಿದ್ದರೆ ನ್ಯಾಯಾಲಯ ಪ್ರವೇಶದ ಆಜ್ಞೆ ಕೊಡಬಹುದು. ಆದರೆ ಅದು ಇರುವುದನ್ನು ಕಾಪಾಡುವ ಕೆಲಸಕ್ಕೆ. ಹೊಸದಾಗಿ ಕಟ್ಟಿ ಬೆಳೆಸುವುದಕ್ಕಲ್ಲ. ನೆರೆಯವನಿಗೆ ಮಿತಿಮೀರಿದ ಕಷ್ಟವಾಗುವುದಾದರೆ ಅದೂ ಇಲ್ಲ. ಉಳಿಸಿಕೊಳ್ಳುವವನ ಅಗತ್ಯವೂ ಬೆಳೆಸಿಕೊಳ್ಳುವವನ ಆಸೆಯೂ ಒಂದೇ ತೂಕದವಲ್ಲ ಎಂಬ ಈ ವಿವೇಕ ನನಗೆ ಮೆಚ್ಚುಗೆಯಾಯಿತು.

ಮೆಚ್ಚಿದ ಮರುಕ್ಷಣವೇ ಅದು ನನ್ನತ್ತ ತಿರುಗಿತು. ಮನೆ ಕಟ್ಟಿಸುವಾಗ ಗೋಡೆಯನ್ನು ಎಲ್ಲೆಯ ಅಂಚಿಗೇ ಏರಿಸಿದವನು ನಾನೇ. ಮೂರಡಿ ಬಿಟ್ಟಿದ್ದರೆ ಸಾರುವೆ ನನ್ನ ನೆಲದಲ್ಲೇ ನಿಲ್ಲುತ್ತಿತ್ತು. ಆ ಮೂರಡಿಯನ್ನು ನಡುಮನೆಗೆ ಸೇರಿಸಿಕೊಂಡು, ಈಗ ಅದನ್ನು ಪಕ್ಕದವರ ಹಿತ್ತಲಿನಲ್ಲಿ ಹುಡುಕುತ್ತಿದ್ದೆ. ನನ್ನ ಅಗತ್ಯವೆಂದುಕೊಂಡದ್ದರಲ್ಲಿ ಹಳೆಯ ಆಸೆಯೂ ಬೆರೆತಿತ್ತು.

ಹಾಗೆಂದು ಅವರು ಇಲ್ಲವೆನ್ನುವುದು ಸರಿಯಾಗುತ್ತದೆಯೆ? ಆಗದೆಂದೇ ನನ್ನ ಅಭಿಪ್ರಾಯ. ನನ್ನ ತಪ್ಪಿಗೆ ನಾಲ್ಕು ದಿನದ ಮುಜುಗರ ತಕ್ಕ ಶಿಕ್ಷೆ. ಗೋಡೆ ಕುಸಿಯುವುದು ತಕ್ಕ ಶಿಕ್ಷೆಯಲ್ಲ. ತನಗೆ ನಷ್ಟವಿಲ್ಲದೆ ಇನ್ನೊಬ್ಬನ ನಷ್ಟವನ್ನು ತಪ್ಪಿಸಬಲ್ಲವನು ಸುಮ್ಮನೆ ಕೂರಬಾರದು.

ಆದರೆ ಅವರಿಗಿದ್ದದ್ದು ಹಟವಲ್ಲ, ಭಯ. ಆ ಭಯಕ್ಕೆ ಉತ್ತರ ಕಾಯಿದೆಯಲ್ಲೇ ಇತ್ತು. ಅನುಭವದಿಂದ ಹಕ್ಕು ಹುಟ್ಟಬೇಕಾದರೆ ಇಪ್ಪತ್ತು ವರ್ಷ, ತಡೆಯಿಲ್ಲದೆ, ತನ್ನ ಹಕ್ಕೆಂದೇ ಬಗೆದು ಬಳಸಿರಬೇಕು. ಕೇಳಿಕೊಂಡು ಬಂದವನು ಆ ನೆಲ ತನ್ನದಲ್ಲವೆಂದು ಬಾಯಿಬಿಟ್ಟು ಒಪ್ಪಿದ ಹಾಗೆಯೇ. ಹೇಳದೆ ಕೇಳದೆ ನುಗ್ಗಿದವನಿಂದ ಅಪಾಯವುಂಟು; ಕೇಳಿದವನಿಂದಿಲ್ಲ. ಅನುಮತಿ ಬೇಡುವುದೆಂದರೆ ತಲೆ ತಗ್ಗಿಸುವುದೆಂದು ನಾವು ತಿಳಿಯುತ್ತೇವೆ. ಅದು ಇನ್ನೊಬ್ಬರ ಎಲ್ಲೆಯನ್ನು ಗುರುತಿಸುವ ಕ್ರಮ.

ಮರುದಿನ ಒಂದು ಕಾಗದ ಬರೆದುಕೊಂಡು ಹೋದೆ. ಕೆಲಸ ಆರಂಭವಾಗುವ ದಿನ, ಮುಗಿಯುವ ದಿನ, ಬರುವುದು ಅವರ ಅನುಮತಿಯಿಂದಲೇ ಹೊರತು ಹಕ್ಕಿನಿಂದಲ್ಲ ಎಂಬ ಮಾತು, ಕೆಟ್ಟದ್ದನ್ನು ಸರಿಮಾಡಿಕೊಡುವ ಭರವಸೆ. ಯಜಮಾನರು ಎರಡು ಸಲ ಓದಿ ಮಡಿಸಿಟ್ಟುಕೊಂಡು, "ಬೆಳಿಗ್ಗೆ ಎಂಟರ ಮೇಲೆ ಬರಲಿ, ಅಮ್ಮ ಪೂಜೆಗೆ ಹೂವು ಕೊಯ್ಯುತ್ತಾರೆ" ಎಂದರು.

ಕೊನೆಯ ದಿನ ಹಿತ್ತಲು ತೊಳೆಸುವಾಗ ಕನಕಾಂಬರದ ಗಿಡವೊಂದು ಗಾರೆ ಬಿದ್ದು ಮುರಿದಿತ್ತು. ಅವರು ಏನೂ ಅನ್ನಲಿಲ್ಲ. ಸಂಜೆ ಹೊಸ ಸಸಿ ತಂದು ನೆಟ್ಟುಬಂದೆ. ಒಳಗೆ ಹೋಗುವ ಮುನ್ನ ಮತ್ತೊಮ್ಮೆ ಕೇಳಿಯೇ ಹೋದೆ.