ಕೊಟ್ಟ ಕಾಲಾಳು

ಅಂಚೆಯ ಚದುರಂಗದಲ್ಲಿ ಮಾರ್ಷಲ್ ಗ್ಯಾಂಬಿಟ್ ಹೂಡಿದ ಆಟ ಬಹುಮಟ್ಟಿಗೆ ಸಮವಾಗಿಯೇ ಮುಗಿಯುತ್ತದೆ. ಅಂಥ ಆಟವೊಂದನ್ನು ಮಣೆಯ ಮೇಲೆ ನಡೆಸಿ ನೋಡುವಾಗಲೆಲ್ಲ ನನ್ನನ್ನು ಒಂದು ಸಂದೇಹ ಕಾಡುತ್ತದೆ: ಎದುರಾಳಿ ತಪ್ಪುವನೆಂಬ ಆಸೆಯಿಂದ ಕೊಟ್ಟದ್ದು ತ್ಯಾಗವೇ? ತಪ್ಪಲಾರನೆಂದು ಬಲ್ಲವನು ಕೊಡುವುದಾದರೂ ಏತಕ್ಕೆ?

1918ರಲ್ಲಿ, ನ್ಯೂಯಾರ್ಕಿನಲ್ಲಿ, ಅಮೆರಿಕದ ಫ್ರಾಂಕ್ ಮಾರ್ಷಲ್ ಕರಿಯ ಕಾಯಿ ಹಿಡಿದು ಕ್ಯೂಬಾದ ಕಾಪಬ್ಲಾಂಕನೆದುರು ಕುಳಿತ. ಎಂಟನೆಯ ನಡೆಯಲ್ಲಿ ಒಂದು ಕಾಲಾಳನ್ನು ಒಡ್ಡಿ ರಾಜನ ಮೇಲೆ ದಾಳಿಗೆ ದಾರಿ ಮಾಡಿಕೊಂಡ. ದಾಳಿಯ ಕವಲುಗಳೆಲ್ಲ ಮಾರ್ಷಲ್ಲನಿಗೆ ಕರತಲಾಮಲಕ; ತನಗೋ ಅಪರಿಚಿತ. ಆದರೂ ಸವಾಲನ್ನು ಸ್ವೀಕರಿಸದಿರುವುದು ಮಾನವಲ್ಲವೆಂದು ಕಾಲಾಳನ್ನು ತೆಗೆದುಕೊಂಡುದಾಗಿ ಕಾಪಬ್ಲಾಂಕನೇ ಬರೆದಿದ್ದಾನೆ. ಜೂಜಿಗೆ ಕರೆದರೆ ಒಲ್ಲೆನೆನ್ನದ ನಮ್ಮ ಧರ್ಮರಾಯನ ನೆನಪಾಗುತ್ತದಲ್ಲವೇ? ಭೇದವಿಷ್ಟೆ: ಕಾಪಬ್ಲಾಂಕ 36 ನಡೆಗಳಲ್ಲಿ ಗೆದ್ದ.

ಮಾರ್ಷಲ್ ಅಂದು ಕೊಟ್ಟದ್ದು ಕಾಲಾಳು, ಬಯಸಿದ್ದು ಎದುರಾಳಿಯ ಗಾಬರಿ. ಅದನ್ನು ತ್ಯಾಗವೆನ್ನಲು ನನಗೆ ನಾಲಗೆ ಏಳದು. ಗಾಳದ ತುದಿಯ ಹುಳುವನ್ನು ಬೆಸ್ತ ಮೀನಿಗೆ ದಾನ ಮಾಡುತ್ತಾನೆಯೆ?

ಅಂಚೆಯ ಆಟದಲ್ಲಿ ಈ ಹೊಂಚಿಗೆ ಎಡೆಯಿಲ್ಲ. ಒಂದೊಂದು ನಡೆಗೂ ದಿನಗಟ್ಟಲೆ ಕಾಲ. ನೂರು ವರ್ಷಗಳ ಶೋಧನೆ ಇಬ್ಬರ ಮುಂದೆಯೂ ತೆರೆದಿದೆ. ಈಗಂತೂ ಕಾರ್ಡು ಹೋಗಿ ಕಂಪ್ಯೂಟರು ಬಂದಿದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅದರ ಸಲಹೆ ಕೇಳಿ ಆಡುವುದಕ್ಕೂ ಅಪ್ಪಣೆಯುಂಟು. ಕರಿಯವನು ಕೊಡುತ್ತಾನೆ, ಬಿಳಿಯವನು ಅಳುಕದೆ ಕೊಳ್ಳುತ್ತಾನೆ. ಕರಿಯ ಮಂತ್ರಿ ರಾಜನ ಅಂಗಳಕ್ಕೆ ನುಗ್ಗುತ್ತದೆ. ಬಿಳಿಯ ಕಾಯಿಗಳು ಬಾಗಿಲಿಕ್ಕುತ್ತವೆ. ಗದ್ದಲವೆಲ್ಲ ಅಡಗಿದ ಮೇಲೆ ನೋಡಿದರೆ, ಬಿಳಿಯವನಿಗೆ ಒಂದು ಕಾಲಾಳು ಹೆಚ್ಚು. ಆದರೆ ಕರಿಯ ಒಂಟೆಗಳೆರಡೂ ಮಣೆಯ ಉದ್ದಗಲವನ್ನು ಕಾಯುತ್ತಿರುವುದರಿಂದ ಅದು ಮುಂದೆ ಸಾಗದು.

ಇದೊಂದು ಆಟವೆ, ಬರಿಯ ಲೆಕ್ಕ, ಎಂದು ಮೂಗು ಮುರಿಯುವವರಿದ್ದಾರೆ. ನಾನೊಪ್ಪೆ. ಇಲ್ಲಿ ಕೊಡುವವನು ಇನ್ನೊಬ್ಬನ ಅಜ್ಞಾನವನ್ನು ನೆಚ್ಚಿಲ್ಲ. ಎಲ್ಲವನ್ನೂ ಬಲ್ಲವನ ಕಣ್ಣೆದುರಿಗೇ ಕೊಡುತ್ತಾನೆ. ಹಾಗಾದರೆ ಧೈರ್ಯಕ್ಕೆ ಅಲ್ಲಿ ಕೆಲಸವೇನು? ಎಂಟನೆಯ ನಡೆಯಲ್ಲಿ ಹೆಚ್ಚೇನೂ ಇಲ್ಲ, ನಿಜ. ಆದರೆ ನಲವತ್ತನೆಯ ನಡೆಯ ಹೊತ್ತಿಗೆ, ದಾಳಿಯ ಬಿಸಿ ಆರಿ ಎಷ್ಟೋ ದಿನಗಳಾಗಿ, ಗೆಲುವಿನ ಆಸೆಯೂ ಉಳಿಯದಾಗ, ಅವನು ಕೊರತೆಯ ಕಾಲಾಳಿನೊಡನೆ ಇನ್ನೂ ಕಾಯುತ್ತ ಕುಳಿತಿರಬೇಕು. ಬಿಳಿಯವನು ಒಮ್ಮೆ ಮೈಮರೆತರೂ ನಡೆದೀತು. ಇವನಿಗೆ ಆ ಸಲುಗೆಯಿಲ್ಲ. ಕಡೆಗೊಂದು ದಿನ, ಒಂದು ಕಾಲಾಳು ಹೆಚ್ಚಿಟ್ಟುಕೊಂಡವನೇ ತಾನಾಗಿ ಕೇಳುತ್ತಾನೆ: ಸಮವೆನ್ನೋಣವೆ?