ಲಾಂಛನದ ಸತ್ಯವು ಯಾವದು?

ತಕ್ಕಡಿಯ ಕಲ್ಲಿನ ಮೇಲೆ ಸರಕಾರದ ಮುದ್ರೆಯಿರುವದನ್ನು ವಾಚಕರೆಲ್ಲರು ಕಂಡಿದ್ದಾರೆ. ಮುದ್ರೆಯು ಕಲ್ಲಿನ ತೂಕವನ್ನು ಹೆಚ್ಚಿಸುವದಿಲ್ಲ. ಆದರೂ ಕೊಳ್ಳುವವನು ಅದನ್ನು ನೋಡಿ ನಂಬುತ್ತಾನೆ. ಗುರುತು ಎಂಬದು ಬಾಯಿಲ್ಲದ ಮಾತು. ಮಾತು ಸುಳ್ಳಾಗಬಹುದಾದರೆ ಗುರುತೂ ಸುಳ್ಳಾಗಬಹುದು. ಹಾಗಾದರೆ ಗುರುತಿನ ಸತ್ಯವು ಯಾವದರಲ್ಲಿ ನಿಂತಿದೆ? ಜರ್ಮನಿ ದೇಶದ ಹಳೆಯ ಮೋಟಾರುಬಂಡಿಗಳ ಲಾಂಛನಬಿಲ್ಲೆಗಳನ್ನು ವಿಚಾರಿಸಿದರೆ ಈ ಪ್ರಶ್ನೆಯು ಸ್ಪಷ್ಟವಾಗುವದು. ಅಂಥ ಬಂಡಿಗಳನ್ನು ಆಸ್ಥೆಯಿಂದ ಕಾಪಾಡುವವರು ಅನೇಕ ದೇಶಗಳಲ್ಲಿ ಇದ್ದಾರೆ. ಅವರು ಮೂಲ ಬಿಲ್ಲೆಯನ್ನು ಬಯಸುವದರಿಂದ ನಕಲು ಬಿಲ್ಲೆಗಳೂ ಹುಟ್ಟಿವೆ.

ಮೊದಲನೆಯ ಪರೀಕ್ಷೆಯು ಕಾಲದ್ದು. ಡೈಮ್ಲರ್ ಕಂಪೆನಿಯವರು ಮೂರು ಮೊನೆಯ ನಕ್ಷತ್ರವನ್ನು 1909ರಲ್ಲಿ ತಮ್ಮ ಗುರುತಾಗಿ ದಾಖಲು ಮಾಡಿಸಿದರು. ಅದೇ ವರುಷ ಬೆನ್ಜ್ ಕಂಪೆನಿಯವರು ತಮ್ಮ ಹೆಸರಿನ ಸುತ್ತಲೂ ಲಾರೆಲ್ ಎಲೆಗಳ ಮಾಲೆಯನ್ನು ಇಟ್ಟುಕೊಂಡರು. ಈ ಎರಡು ಕಂಪೆನಿಗಳು 1926ರಲ್ಲಿ ಒಂದಾದವು; ಆ ಕೂಡಿಕೆಯಿಂದಲೇ ನಕ್ಷತ್ರವು ಮಾಲೆಯೊಳಗೆ ಸೇರಿತು. ಆದಕಾರಣ 1920ರ ಬೆನ್ಜ್ ಬಂಡಿಯ ಮೇಲೆ ಅವೆರಡೂ ಕೂಡಿದ ಬಿಲ್ಲೆ ಕಂಡರೆ, ಅದು ಬಳಿಕ ಕೂಡಿಸಿದ್ದೆಂದು ತಿಳಿಯತಕ್ಕದ್ದು. ಹಾಗೆಯೇ ಔಡಿ, ಡಿ.ಕೆ.ಡಬ್ಲ್ಯು., ಹೋರ್ಖ್, ವಾಂಡರರ್ ಎಂಬ ನಾಲ್ಕು ಕಂಪೆನಿಗಳು 1932ರಲ್ಲಿ ಕೂಡಿದ್ದರಿಂದ ನಾಲ್ಕು ಬಳೆಗಳ ಲಾಂಛನವು ಹುಟ್ಟಿತು; ಅದಕ್ಕೆ ಮುಂಚಿನ ಬಂಡಿಗೆ ಅದು ಸಲ್ಲದು.

ಎರಡನೆಯ ಪರೀಕ್ಷೆಯು ಕೈಕೆಲಸದ್ದು. ಹಳೆಯ ಎನಾಮಲ್ ಬಿಲ್ಲೆಗಳನ್ನು ಮಾಡುವಾಗ, ಅಚ್ಚಿನಲ್ಲಿ ಒತ್ತಿದ ಲೋಹದ ಹಳ್ಳಗಳಲ್ಲಿ ಬಣ್ಣದ ಗಾಜಿನ ಹುಡಿಯನ್ನು ತುಂಬಿ, ಸುಮಾರು 800 ಡಿಗ್ರಿ ಶಾಖದ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಅದು ನಿಜವಾದ ಗಾಜು. ಸೂಜಿಯ ಮೊನೆ ಅದರಲ್ಲಿ ಇಳಿಯದು, ಏಟು ಬಿದ್ದರೆ ಚಕ್ಕೆಯಾಗಿ ಹಾರುವದು. ನಕಲಿನಲ್ಲಿ ಬರೇ ಬಣ್ಣವನ್ನೋ ಅಂಟನ್ನೋ ತುಂಬಿದ್ದರೆ ಸೂಜಿಯು ಸುಲಭವಾಗಿ ಗೀರುವದು. ಮೂಲ ಬಿಲ್ಲೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲಾದರೆ, ಲೋಹವು ತಣಿಯುವಾಗ ಕುಗ್ಗುವದರಿಂದ ಅದು ಕೂದಲೆಳೆಯಷ್ಟು ಚಿಕ್ಕದಾಗಿರುವದು. ಅಕ್ಷರಗಳ ಅಂಚು ಮೊಂಡಾಗಿರುವದು. ಮುಖವು ಸವೆದಿದ್ದು ಬೆನ್ನು ಮಾತ್ರ ಹೊಸದಾಗಿ ಹೊಳೆದರೆ ಅದೂ ಸಂಶಯಕ್ಕೆ ಕಾರಣವೇ.

ಆದರೆ ಈ ಎರಡು ಪರೀಕ್ಷೆಗಳಲ್ಲಿ ಗೆದ್ದ ಮಾತ್ರಕ್ಕೆ ಗುರುತು ಸತ್ಯವಾಯಿತೋ? ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬಿ.ಎಂ.ಡಬ್ಲ್ಯು. ಮೋಟಾರುಬಂಡಿಗಳು ಐಸೆನಾಖ್ ಪಟ್ಟಣದಲ್ಲಿ ತಯಾರಾಗುತ್ತಿದ್ದವು. 1945ರ ಬಳಿಕ ಆ ಪಟ್ಟಣವು ರಷ್ಯದವರ ವಶದಲ್ಲಿದ್ದ ಭಾಗಕ್ಕೆ ಸೇರಿತು. ಅಲ್ಲಿಯ ಕೆಲಸಗಾರರು ಅದೇ ಕಾರಖಾನೆಯಲ್ಲಿ, ಅದೇ ಹೆಸರಿನಿಂದ, ಅದೇ ನೀಲಿ ಬಿಳಿ ಚಕ್ರದ ಬಿಲ್ಲೆಯಿಂದ ಬಂಡಿಗಳನ್ನು ಮಾಡುತ್ತಾ ಬಂದರು. ಮ್ಯೂನಿಕ್ ನಗರದಲ್ಲಿದ್ದ ಕಂಪೆನಿಯವರು ಇದಕ್ಕೆ ಒಪ್ಪಲಿಲ್ಲ. ಕಡೆಗೆ 1952ರಲ್ಲಿ ಹೆಸರು ಇ.ಎಂ.ಡಬ್ಲ್ಯು. ಎಂದಾಯಿತು, ನೀಲಿಯ ಸ್ಥಳದಲ್ಲಿ ಕೆಂಪು ಬಂತು. ಈಗ ಆಲೋಚಿಸಿರಿ. 1950ರ ಐಸೆನಾಖ್ ಬಂಡಿಯ ನೀಲಿ ಬಿಲ್ಲೆಯು ಆ ಬಂಡಿಗೆ ಮೂಲದ್ದೇ ಹೌದು. ಆದರೂ ಅದನ್ನು ಇಟ್ಟುಕೊಳ್ಳುವ ಹಕ್ಕು ವಿವಾದದ್ದಾಗಿತ್ತು. ಮೂಲವಾದದ್ದೆಲ್ಲಾ ನ್ಯಾಯವಾದದ್ದಲ್ಲ ಎಂದು ಇದರಿಂದ ಕಾಣುತ್ತದೆ.

ಆಗುಸ್ಟ್ ಹೋರ್ಖ್ ಎಂಬಾತನ ಸಂಗತಿಯೂ ಇಂಥದ್ದೇ. ಆತನು ತಾನು ಸ್ಥಾಪಿಸಿದ ಕಂಪೆನಿಯನ್ನು 1909ರಲ್ಲಿ ಬಿಟ್ಟು ಹೊಸದನ್ನು ಕಟ್ಟಿದಾಗ, ಸ್ವಂತ ಹೆಸರನ್ನು ಅದಕ್ಕೆ ಇಡಲು ಅಪ್ಪಣೆ ದೊರೆಯಲಿಲ್ಲ. ಆ ಹೆಸರು ಆಗಲೇ ಮತ್ತೊಬ್ಬರು ಜನರಿಗೆ ಕೊಡುತ್ತಿದ್ದ ಭರವಸೆಯಾಗಿತ್ತು. ಹೋರ್ಖ್ ಅಂದರೆ ಜರ್ಮನ್ ಭಾಷೆಯಲ್ಲಿ ‘ಕಿವಿಗೊಡು’. ಅದನ್ನೇ ಲಾಟಿನಿನಲ್ಲಿ ಹೇಳಿ ಔಡಿ ಎಂದು ಕರೆದನು.

‘ಬಂಡಿಯು ಚೆನ್ನಾಗಿ ಓಡಿದರೆ ಸಾಕು, ಬಿಲ್ಲೆ ನಕಲಾದರೆ ನಷ್ಟವೇನು?’ ಎಂದು ಕೆಲವರು ಕೇಳಾರು. ಹಬ್ಬದ ದಿವಸ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವದು ಮೋಸವಲ್ಲ. ಮುದಿ ಎತ್ತಿನ ಕೊಂಬನ್ನು ಹೆರೆದು ಬಣ್ಣ ಹಚ್ಚಿ, ಸಂತೆಯಲ್ಲಿ ಎಳೆಯದೆಂದು ಮಾರುವದು ಮೋಸವೇ. ಬಣ್ಣವು ಒಂದೇ, ಅದು ಆಡುವ ಮಾತು ಬೇರೆ. ಅದರಂತೆ, ಹೊಸ ಬಿಲ್ಲೆಯನ್ನು ಹೊಸದೆಂದೇ ಹೇಳಿ ಕೂಡಿಸಿದವನು ನಿರ್ದೋಷಿ. ಅದನ್ನು ಮಣ್ಣಿನಲ್ಲಿ ಉಜ್ಜಿ ಹಳೆಯದರಂತೆ ತೋರಿಸಿದವನು ವಂಚಕನು. ಅಪ್ಪಟ ಮೂಲದ ಬಿಲ್ಲೆಯನ್ನು ಸಿಕ್ಕಿದ ತುಂಡುಗಳಿಂದ ಜೋಡಿಸಿದ ಬಂಡಿಗೆ ಹೊಡೆದು, ಎಲ್ಲಾ ಮೂಲದ್ದೇ ಎಂದು ಮಾರುವವನಾದರೋ ಸತ್ಯವಾದ ವಸ್ತುವಿನಿಂದಲೇ ಸುಳ್ಳಾಡುತ್ತಾನೆ.

ಆದದರಿಂದ ಗುರುತಿನ ಸತ್ಯವು ತಾಮ್ರದಲ್ಲಿಯೂ ಇಲ್ಲ, ಗಾಜಿನಲ್ಲಿಯೂ ಇಲ್ಲ. ಗುರುತು, ಅದನ್ನು ಹೊತ್ತ ವಸ್ತು, ಕೊಡುವವನ ಮಾತು, ಈ ಮೂರೂ ಒಂದಕ್ಕೊಂದು ಒಪ್ಪುವದರಲ್ಲಿ ಇದೆ. ಕೊಳ್ಳುವವನು ಸೂಜಿಯನ್ನೂ ಕಾಲದ ಲೆಕ್ಕವನ್ನೂ ಹಿಡಿದು ಪರೀಕ್ಷಿಸುವದು ವಿವೇಕ; ಮಾರುವವನು ಕೇಳುವದಕ್ಕೆ ಮುಂಚೆಯೇ ಇದ್ದದ್ದನ್ನು ಇದ್ದಂತೆ ಹೇಳುವದು ಧರ್ಮ. ವಿವೇಕವು ಎಷ್ಟೇ ಹರಿತವಾದರೂ ಧರ್ಮವಿಲ್ಲದ ಸಂತೆಯಲ್ಲಿ ಅದಕ್ಕೆ ಬಿಡುವೇ ಸಿಕ್ಕದು. ನಾವು ಮಾರುವದು ಎತ್ತಾಗಲಿ ಬೀಜವಾಗಲಿ ತುಪ್ಪವಾಗಲಿ, ನಮ್ಮ ಹೆಸರೇ ಅದರ ಮೇಲಿನ ಬಿಲ್ಲೆಯೆಂದು ನೆನಸೋಣ.