‘ದೇವರ ಚಿತ್ತ’ ಎನ್ನುವ ಮುನ್ನ



ಬಸವಕಲ್ಯಾಣ ಅಥವಾ ಹುಮನಾಬಾದ್ ತಾಲ್ಲೂಕಿನ ಹಳ್ಳಿಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಹುಟ್ಟಿ ಐದು ದಿನಗಳಾದ ಕೂಸು ನಿನ್ನೆಯವರೆಗೂ ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಇಂದು ಬಾಯಿ ತೆರೆಯುತ್ತಿಲ್ಲ. ಅಳು ಕ್ಷೀಣಿಸಿದೆ, ಮೈ ತಣ್ಣಗಿದೆ. ‘ನಿದ್ದೆ ಮಾಡುತ್ತಿದೆ’ ಎನ್ನುತ್ತಾರೆ ಒಬ್ಬರು. ‘ದೃಷ್ಟಿ ತಾಗಿದೆ’ ಎನ್ನುತ್ತಾರೆ ಮತ್ತೊಬ್ಬರು. ಮರುದಿನ ಕೂಸು ಇಲ್ಲ. ಸಾಂತ್ವನ ಹೇಳಲು ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: ‘ದೇವರ ಚಿತ್ತ.’

ಈ ಮಾತು ಸತ್ಯವೇ? ನವಜಾತ ಶಿಶುವಿನ ರಕ್ತಕ್ಕೆ ಸೇರಿದ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಲ್ಲದು. ಜ್ವರ ಬಂದೇ ಬರಬೇಕೆಂದಿಲ್ಲ. ಮೈ ತಣ್ಣಗಾಗುವುದೂ ಅಪಾಯದ ಸೂಚನೆಯೇ. ಹಾಲು ಕುಡಿಯದಿರುವುದು, ಮಂಕಾಗುವುದು, ನಿಮಿಷಕ್ಕೆ 60ಕ್ಕೂ ಹೆಚ್ಚು ಬಾರಿ ಉಸಿರಾಡುವುದು, ಎದೆ ಒಳಸೆಳೆಯುವುದು, ಹೊಕ್ಕುಳಲ್ಲಿ ಕೀವು, ಸೆಳವು – ಮಾತು ಬಾರದ ಕೂಸು ತನ್ನ ಸಂಕಟವನ್ನು ಹೇಳಿಕೊಳ್ಳುವುದು ಹೀಗೆ.

ನೆರೆಯ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಮಹಿಳೆಯರಿಗೇ ಈ ಲಕ್ಷಣಗಳನ್ನು ಗುರುತಿಸಿ ಆಂಟಿಬಯೋಟಿಕ್ ಚಿಕಿತ್ಸೆ ನೀಡಲು ಕಲಿಸಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ರಕ್ತದ ಸೋಂಕಿಗೆ ತುತ್ತಾದ ಶಿಶುಗಳ ಮರಣ ಪ್ರಮಾಣ ಶೇ. 16.6ರಿಂದ ಶೇ. 2.8ಕ್ಕೆ ಇಳಿಯಿತು. ಹಾಗಾದರೆ, ಬದುಕುಳಿದ ಆ ಕೂಸುಗಳ ವಿಷಯದಲ್ಲಿ ದೇವರ ಚಿತ್ತ ಬದಲಾಯಿತೇ? ಇಲ್ಲ, ಬದಲಾದದ್ದು ಮನುಷ್ಯರ ಅರಿವು.

ನೈತಿಕ ದೈವಶಾಸ್ತ್ರವು ಅಜ್ಞಾನವನ್ನು ಎರಡಾಗಿ ವಿಂಗಡಿಸುತ್ತದೆ: ನೀಗಿಸಲಾಗದ ಅಜ್ಞಾನ ಮತ್ತು ನೀಗಿಸಬಹುದಾದ ಅಜ್ಞಾನ. ಮೊದಲನೆಯದಕ್ಕೆ ದೋಷವಿಲ್ಲ. ಯಾರೂ ತಿಳಿಹೇಳದ ಆ ತಾಯಿ ನಿರ್ದೋಷಿ. ಅವಳ ಕಣ್ಣೀರಿನ ಮೇಲೆ ಅಪವಾದವನ್ನು ಹೊರಿಸುವುದು ಪಾಪ. ಆದರೆ ತಿಳಿದೂ ತಿಳಿಸದೆ ಉಳಿದ ನಮ್ಮ ಗತಿಯೇನು? ಪ್ರಾರ್ಥನೆ ಹೇಳಲು ಮಣ್ಣಿನ ಬಳಿ ನಿಲ್ಲುವ ಗುರುವಾದ ನಾನು, ಹೆರಿಗೆಗೆ ಮುನ್ನ ಎಷ್ಟು ಮನೆಗಳಲ್ಲಿ ಈ ಲಕ್ಷಣಗಳನ್ನು ವಿವರಿಸಿದ್ದೇನೆ? ಈ ಪ್ರಶ್ನೆಯ ಮುಂದೆ ನಾನು ತಲೆತಗ್ಗಿಸುತ್ತೇನೆ.

ಎಲ್ಲ ಪ್ರಯತ್ನಗಳ ನಂತರವೂ ಕೆಲವು ಕೂಸುಗಳು ಉಳಿಯುವುದಿಲ್ಲ. ಆಗ ‘ದೇವರ ಚಿತ್ತ’ ಎಂಬುದು ನಿಜವಾದ ಸಾಂತ್ವನ. ಪ್ರಯತ್ನಕ್ಕೆ ಮೊದಲೇ ಆಡಿದರೆ ಅದು ನಮ್ಮ ಆಲಸ್ಯಕ್ಕೆ ಹೊದಿಸಿದ ಪವಿತ್ರ ವಸ್ತ್ರವಷ್ಟೇ.

ಆದ್ದರಿಂದ, ನಿಮ್ಮ ಬೀದಿಯಲ್ಲಿ ಬಾಣಂತಿಯಿದ್ದರೆ, ಆಕೆಯ ಮತವಾವುದೆಂದು ಕೇಳದೆ ವಿಚಾರಿಸಿ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬರುತ್ತಿರುವರೇ ಎಂದು ನೋಡಿ. ಕೂಸು ಹಾಲು ಬಿಟ್ಟಿತೆಂದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆಮಾಡಿ. ದೇವರ ಚಿತ್ತವು ಆ ರಾತ್ರಿ ನಿಮ್ಮ ಕೈಗಳಿಗಾಗಿಯೇ ಕಾದಿರಬಹುದು.